ಗಾಜಿನ ಮೇಲೆ ಬಣ್ಣ, ಗಾಜಿನ ಕೆಳಗೆ ಕ್ಯಾಮೆರಾ

1950ರ ನವೆಂಬರ್ 25, ಶನಿವಾರ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್ ದ್ವೀಪದ ಪೂರ್ವ ತುದಿಯಲ್ಲಿರುವ ಸ್ಪ್ರಿಂಗ್ಸ್ ಎಂಬ ಪುಟ್ಟ ಊರು. ಚಳಿಗಾಲ ಕಾಲಿಟ್ಟಿದೆ, ಗಾಳಿ ಮೈ ಕೊರೆಯುತ್ತಿದೆ. ಮನೆಯ ಹಿತ್ತಲಿನ ಬಯಲಲ್ಲಿ ನೆಲದಿಂದ ಎತ್ತರಕ್ಕೆ ಒಂದು ದೊಡ್ಡ ಗಾಜಿನ ಹಲಗೆಯನ್ನು ಅಡ್ಡಲಾಗಿ ಇರಿಸಿದ್ದಾರೆ. ಗಾಜಿನ ಕೆಳಗೆ ಒಬ್ಬ ಅಂಗಾತ ಮಲಗಿದ್ದಾನೆ, ಕೈಯಲ್ಲಿ ಕ್ಯಾಮೆರಾ. ಗಾಜಿನ ಮೇಲೆ ಬಾಗಿ ನಿಂತಿರುವವನ ಕೈಯಲ್ಲಿ ಬಣ್ಣದ ಡಬ್ಬಿ.

ಮಲಗಿದ್ದವನು ಹಾನ್ಸ್ ನಮುತ್, ಜರ್ಮನಿಯಿಂದ ಬಂದ ಛಾಯಾಗ್ರಾಹಕ. ನಿಂತಿದ್ದವನು ಜಾಕ್ಸನ್ ಪೊಲಾಕ್, ಆ ಹೊತ್ತಿಗೆ ಅಮೆರಿಕದ ಅತಿ ಹೆಚ್ಚು ಚರ್ಚಿತ ಚಿತ್ರಕಾರ. ಒಳಾಂಗಣದಲ್ಲಿ ದೀಪ ಹಾಕಿ ಚಿತ್ರೀಕರಿಸುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಎಲ್ಲವೂ ಹಗಲ ಬೆಳಕಿನಲ್ಲಿ, ಹೊರಗೆ. ವಾರಗಳಿಂದ ಇದೇ ನಡೆದಿತ್ತು. ಬೂಟು ಹಾಕಿಕೋ, ಬಣ್ಣ ಕಲಸು, ನಿಲ್ಲು, ರೀಲು ಮುಗಿಯಿತು, ಇನ್ನೊಮ್ಮೆ ಶುರುಮಾಡು. ಅಂದು ಸಂಜೆ ಕೆಲಸ ಮುಗಿಯಿತು. ಪೊಲಾಕ್ ನೇರ ಅಡುಗೆಮನೆಗೆ ಹೋಗಿ ಗ್ಲಾಸಿಗೆ ವಿಸ್ಕಿ ಸುರಿದುಕೊಂಡ. ಸುಮಾರು ಎರಡು ವರ್ಷಗಳಲ್ಲಿ ಆತ ಕುಡಿದ ಮೊದಲ ಪೆಗ್ಗು ಅದು. ರಾತ್ರಿಯೂಟಕ್ಕೆ ನೆಂಟರಿಷ್ಟರು ಕೂತಿದ್ದರು. ನಮುತ್ ಜೊತೆ ಮಾತಿಗೆ ಮಾತು ಬೆಳೆಯಿತು, ನೀನು ನಕಲಿ, ನೀನೇ ನಕಲಿ ಎಂಬ ಬೈಗುಳ ಹಾರಿತು. ಪೊಲಾಕ್ ಎದ್ದು ನಿಂತು, ಬಡಿಸಿಟ್ಟ ಮೇಜನ್ನು ಅನ್ನಪಾನ ಸಮೇತ ಎತ್ತಿ ಬೋರಲು ಹಾಕಿದ.

ಅರ್ಧ ಶತಮಾನದ ನಂತರ ಇನ್ನೊಬ್ಬ ಆ ಮೇಜನ್ನು ಮತ್ತೆ ಉರುಳಿಸಿದ, ಮತ್ತೆ ಕ್ಯಾಮೆರಾದ ಎದುರು. 2000ದಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ 'ಪೊಲಾಕ್' ಸಿನಿಮಾ ನಟ ಎಡ್ ಹ್ಯಾರಿಸ್ ನಿರ್ದೇಶಿಸಿದ ಮೊದಲ ಸಿನಿಮಾ. ಪೊಲಾಕ್ ಪಾತ್ರವೂ ಆತನದೇ. ಈ ಸಿನಿಮಾ ಶುರುವಾಗುವುದು ಮೇಜು ಉರುಳಿದ ಮೂರೇ ದಿನಕ್ಕೆ, 1950ರ ನವೆಂಬರ್ 28ರಂದು ನ್ಯೂಯಾರ್ಕಿನ ಬೆಟ್ಟಿ ಪಾರ್ಸನ್ಸ್ ಗ್ಯಾಲರಿಯಲ್ಲಿ ತೆರೆದ ಪ್ರದರ್ಶನದಿಂದ. ಕಿಕ್ಕಿರಿದ ಜನ. ಒಬ್ಬ ಯುವತಿ 'ಲೈಫ್' ಪತ್ರಿಕೆಯ ಪ್ರತಿಯನ್ನು ಎದೆಗವಚಿಕೊಂಡು ಬಂದು ಹಸ್ತಾಕ್ಷರ ಕೇಳುತ್ತಾಳೆ. ಪೊಲಾಕ್ ಸಹಿ ಹಾಕುತ್ತಾನೆ. ತಲೆ ಎತ್ತಿದಾಗ ಆತನ ಕಣ್ಣಲ್ಲಿ ಸಂಭ್ರಮದ ಸುಳಿವೂ ಇಲ್ಲ. ಅಲ್ಲಿಂದ ಕಥೆ ಒಂಬತ್ತು ವರ್ಷ ಹಿಂದಕ್ಕೆ ಜಾರುತ್ತದೆ.

ಕಾಕತಾಳೀಯವೊಂದಿದೆ. ಎಡ್ ಹ್ಯಾರಿಸ್ ಹುಟ್ಟಿದ್ದು 1950ರ ನವೆಂಬರ್ 28ರಂದು, ಆ ಪ್ರದರ್ಶನ ತೆರೆದ ದಿನವೇ.

ಚಿತ್ರಕಾರರ ಬದುಕು ಸಿನಿಮಾಕ್ಕೆ ಹೊಸದೇನಲ್ಲ. ವಿನ್ಸೆಂಟ್ ವ್ಯಾನ್ ಗೋನ ಪಾತ್ರದಲ್ಲಿ ಕರ್ಕ್ ಡಗ್ಲಾಸ್ ನಟಿಸಿದ 'ಲಸ್ಟ್ ಫಾರ್ ಲೈಫ್' 1956ರ ಸೆಪ್ಟೆಂಬರಿನಲ್ಲಿ, ಪೊಲಾಕ್ ಸತ್ತ ಮರುತಿಂಗಳು, ಬಿಡುಗಡೆಯಾಯಿತು. ಅಲ್ಲಿ ನಿರ್ದೇಶಕನಿಗೆ ಒಂದು ಅನುಕೂಲವಿತ್ತು. ಗೋಧಿಯ ಹೊಲ ತೋರಿಸಿ, ಮರುಕ್ಷಣ ಗೋಧಿಯ ಹೊಲದ ಚಿತ್ರ ತೋರಿಸಿದರೆ ಸಾಕು, ಕಲಾವಿದ ಕಂಡದ್ದೇನು, ಮಾಡಿದ್ದೇನು ಎಂಬುದು ಪ್ರೇಕ್ಷಕನಿಗೆ ತಾನಾಗಿ ತಿಳಿಯುತ್ತದೆ. ಅಮೂರ್ತ ಚಿತ್ರಕಾರನ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ. ಪೊಲಾಕ್‌ನ ದೊಡ್ಡ ಕ್ಯಾನ್ವಾಸುಗಳಲ್ಲಿ ಮರವಿಲ್ಲ, ಮುಖವಿಲ್ಲ, ಮೇಲು ಕೆಳಗು ಎಂಬುದೂ ಇಲ್ಲ. ಕಪ್ಪು, ಬಿಳಿ, ಕಂದು, ಅಲ್ಯೂಮಿನಿಯಮ್ ಬಣ್ಣದ ಎಳೆಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. "ಇದನ್ನು ನಮ್ಮ ಮನೆ ಮಗುವೂ ಮಾಡುತ್ತೆ" ಎಂದು ಮುಂದೆ ಹೋಗುವವರೇ ಹೆಚ್ಚು. ಹಾಗಾಗಿ ಹ್ಯಾರಿಸ್‌ಗೆ ತೋರಿಸಲು ಉಳಿದದ್ದು ಒಂದೇ ದಾರಿ: ಚಿತ್ರ ಏನನ್ನು ಹೇಳುತ್ತದೆ ಎಂಬುದನ್ನು ಬಿಟ್ಟು, ಚಿತ್ರ ಹೇಗಾಗುತ್ತದೆ ಎಂಬುದನ್ನು ಕಾಣಿಸುವುದು. ನಮುತ್‌ಗೆ ಐವತ್ತು ವರ್ಷ ಮೊದಲು ಹೊಳೆದದ್ದೂ ಇದೇ.

ಪೊಲಾಕ್ ಹುಟ್ಟಿದ್ದು 1912ರ ಜನವರಿ 28ರಂದು, ವಯೋಮಿಂಗ್ ರಾಜ್ಯದ ಕೋಡಿ ಎಂಬಲ್ಲಿ, ಐವರು ಗಂಡುಮಕ್ಕಳಲ್ಲಿ ಕೊನೆಯವನಾಗಿ. ಸಂಸಾರ ಅರಿಜೋನ, ಕ್ಯಾಲಿಫೋರ್ನಿಯಾ ಎಂದು ಊರಿಂದೂರಿಗೆ ಅಲೆಯಿತು. ಲಾಸ್ ಏಂಜಲೀಸಿನ ಶಾಲೆಯಿಂದ ಆತನನ್ನು ಹೊರಹಾಕಿದರು. 1930ರಲ್ಲಿ ಅಣ್ಣ ಚಾರ್ಲ್ಸ್‌ನ ಹಿಂದೆ ನ್ಯೂಯಾರ್ಕಿಗೆ ಬಂದು ಥಾಮಸ್ ಹಾರ್ಟ್ ಬೆಂಟನ್ ಎಂಬ ಭಿತ್ತಿಚಿತ್ರಕಾರನ ಬಳಿ ಕಲಿತ. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರ ಕಲಾವಿದರಿಗೂ ಸಂಬಳ ಕೊಟ್ಟು ಕೆಲಸ ಮಾಡಿಸುತ್ತಿತ್ತು. ಆ ಯೋಜನೆಯೇ ಆತನ ಹೊಟ್ಟೆ ಹೊರೆಯಿತು. ಕುಡಿತ ಮಾತ್ರ ಎಳೆವಯಸ್ಸಿನಿಂದಲೇ ಬೆನ್ನು ಹತ್ತಿತ್ತು. 1938ರಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮರುವರ್ಷ ಯೂಂಗ್ ಪರಂಪರೆಯ ಮನೋವಿಶ್ಲೇಷಕ ಜೋಸೆಫ್ ಹೆಂಡರ್ಸನ್‌ನ ಬಳಿ ಹೋಗತೊಡಗಿದ. ಬಾಯಿ ಬಿಟ್ಟು ಮಾತಾಡದ ರೋಗಿ ತನ್ನ ರೇಖಾಚಿತ್ರಗಳನ್ನು ತಂದು ಮುಂದಿಡುತ್ತಿದ್ದ, ವೈದ್ಯ ಅವುಗಳನ್ನೇ ಹಿಡಿದು ಮಾತು ತೆಗೆಯುತ್ತಿದ್ದ.

ಸಿನಿಮಾ ಈ ಬಾಲ್ಯವನ್ನೆಲ್ಲ ಹೆಚ್ಚುಕಡಿಮೆ ಕೈಬಿಟ್ಟಿದೆ. 1941ರ ನ್ಯೂಯಾರ್ಕಿನ ಒಂದು ಇಕ್ಕಟ್ಟಾದ ಮೆಟ್ಟಿಲು. ಕುಡಿದು ತೂರಾಡುತ್ತ ಪಿಕಾಸೊನನ್ನು ಬೈಯುತ್ತಿರುವ ತಮ್ಮನನ್ನು ಅಣ್ಣ ಸ್ಯಾಂಡಿ ಎಳೆದುಕೊಂಡು ಹತ್ತುತ್ತಿದ್ದಾನೆ. ಬೈಗುಳಕ್ಕೆ ಕಾರಣವಿದೆ. ಆ ದಿನಗಳ ಅಮೆರಿಕದ ಯುವ ಕಲಾವಿದನಿಗೆ ಪ್ಯಾರಿಸ್ಸೇ ಕಾಶಿ. ಹೊಸದೇನು ಮಾಡಹೋದರೂ ಪಿಕಾಸೊ ಅದನ್ನು ಮೊದಲೇ ಮಾಡಿಟ್ಟಿರುತ್ತಿದ್ದ. ಕುಡಿತದ ಈ ರೋಗಕ್ಕೆ ಮೂಲ ಇಂಥ ಬಾಲ್ಯ, ಇಂಥ ತಾಯಿ ಎಂದು ಹ್ಯಾರಿಸ್ ಎಲ್ಲಿಯೂ ಗೆರೆ ಎಳೆದು ತೋರಿಸುವುದಿಲ್ಲ. ತಾಯಿ ಸ್ಟೆಲ್ಲಾ ಒಂದೆರಡು ಸಲ ಬಂದು, ಮೌನವಾಗಿ ಕೂತು, ಹೋಗುತ್ತಾಳೆ. ಮಿಕ್ಕದ್ದನ್ನು ಪ್ರೇಕ್ಷಕನೇ ಊಹಿಸಿಕೊಳ್ಳಬೇಕು.

ತಿರುವು ಬಂದದ್ದು 1943ರಲ್ಲಿ. ಆಗರ್ಭ ಶ್ರೀಮಂತೆ ಪೆಗ್ಗಿ ಗುಗನ್‌ಹೈಮ್ ನ್ಯೂಯಾರ್ಕಿನಲ್ಲಿ 'ಆರ್ಟ್ ಆಫ್ ದಿಸ್ ಸೆಂಚುರಿ' ಎಂಬ ಗ್ಯಾಲರಿ ತೆರೆದಿದ್ದಳು. ಆಕೆ ಪೊಲಾಕ್‌ಗೆ ತಿಂಗಳಿಗೆ 150 ಡಾಲರ್ ಕೊಡುವ ಕರಾರು ಮಾಡಿಕೊಂಡಳು. ಆವರೆಗೆ ಆತ ಆಕೆಯ ದೊಡ್ಡಪ್ಪ ಸಾಲೊಮನ್ ಗುಗನ್‌ಹೈಮ್ ಸ್ಥಾಪಿಸಿದ್ದ ಮ್ಯೂಸಿಯಮ್ಮಿನಲ್ಲಿ ಬಡಗಿತನದಂಥ ಚಿಲ್ಲರೆ ಕೆಲಸ ಮಾಡಿಕೊಂಡಿದ್ದ. ಜೊತೆಗೆ ತನ್ನ ಮನೆಯ ಪಡಸಾಲೆಗೆಂದು ಎಂಟು ಅಡಿ ಎತ್ತರ, ಇಪ್ಪತ್ತು ಅಡಿ ಅಗಲದ ಒಂದು ಚಿತ್ರ ಬರೆದುಕೊಡಲು ಪೆಗ್ಗಿ ಕೇಳಿದಳು. ಅಷ್ಟು ದೊಡ್ಡ ಕ್ಯಾನ್ವಾಸ್ ನಿಲ್ಲಿಸಲು ಜಾಗವೆಲ್ಲಿ? ಪೊಲಾಕ್ ಬಾಡಿಗೆ ಮನೆಯ ಒಳಗೋಡೆಯನ್ನೇ ಕೆಡವಿದ.

ಸಿನಿಮಾದ ಅತ್ಯಂತ ರೋಮಾಂಚಕ ದೃಶ್ಯಗಳಲ್ಲಿ ಇದೊಂದು. ಖಾಲಿ ಕ್ಯಾನ್ವಾಸಿನ ಮುಂದೆ ಪೊಲಾಕ್ ಕೂತಿದ್ದಾನೆ, ಕೂತೇ ಇದ್ದಾನೆ. ದಿನಗಳು ಉರುಳುತ್ತವೆ. ಆಮೇಲೆ ಒಮ್ಮೆಲೇ ಎದ್ದು, ಕಟ್ಟೆಯೊಡೆದಂತೆ, ಒಂದೇ ಉಸುರಿಗೆ ಇಡೀ ಚಿತ್ರ ಮುಗಿಸುತ್ತಾನೆ. ಈ ದಂತಕಥೆ ಹಳೆಯದು. ಪೊಲಾಕ್‌ನ ಬಳಗದವರೇ ಹೇಳಿ ಹೇಳಿ ಬೆಳೆಸಿದ್ದು. 'ಮ್ಯೂರಲ್' ಎಂಬ ಆ ಚಿತ್ರ ಈಗ ಅಯೋವಾ ವಿಶ್ವವಿದ್ಯಾಲಯದ ಸೊತ್ತು. 2012ರಲ್ಲಿ ಅದನ್ನು ಲಾಸ್ ಏಂಜಲೀಸಿನ ಗೆಟ್ಟಿ ಸಂಸ್ಥೆಗೆ ಕಳಿಸಿದರು. ಅಲ್ಲಿನ ಸಂರಕ್ಷಣಾ ತಜ್ಞರು ಬಣ್ಣದ ಪದರಗಳನ್ನು ಪರೀಕ್ಷಿಸಿದಾಗ, ಕೆಳಗಿನ ತೈಲವರ್ಣ ಚೆನ್ನಾಗಿ ಒಣಗಿದ ಮೇಲೆಯೇ ಮೇಲಿನ ಬಣ್ಣ ಬಿದ್ದಿರುವ ಜಾಗಗಳು ಕಂಡವು. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು. ಮೊದಲ ಆವೇಗದ ಗೆರೆಗಳನ್ನು ಆತ ಒಂದೇ ಬೀಸಿನಲ್ಲಿ ಎಳೆದಿರಬಹುದು, ಆದರೆ ಚಿತ್ರ ಪೂರ್ತಿಯಾಗಲು ವಾರಗಳೇ ಹಿಡಿದವು. ಹ್ಯಾರಿಸ್ ಸಿನಿಮಾ ಮಾಡುವಾಗ ಈ ಪರೀಕ್ಷೆ ಇನ್ನೂ ನಡೆದಿರಲಿಲ್ಲ. ನಡೆದಿದ್ದರೂ ಆ ದೃಶ್ಯವನ್ನು ಬಿಟ್ಟುಕೊಡಲು ಯಾವ ನಿರ್ದೇಶಕನಿಗೂ ಮನಸ್ಸಾಗುತ್ತಿರಲಿಲ್ಲವೇನೋ.

1945ರ ಶರತ್ಕಾಲದಲ್ಲಿ ಪೊಲಾಕ್ ಮತ್ತು ಚಿತ್ರಕಾರ್ತಿ ಲೀ ಕ್ರಾಸ್ನರ್ ಮದುವೆಯಾಗಿ ಸ್ಪ್ರಿಂಗ್ಸ್‌ಗೆ ಮನೆ ಬದಲಿಸಿದರು. ಐದು ಸಾವಿರ ಡಾಲರಿನ ಹಳೆಯ ತೋಟದ ಮನೆ. ಮುಂಗಡದ ಎರಡು ಸಾವಿರವನ್ನು ಪೆಗ್ಗಿ ಸಾಲವಾಗಿ ಕೊಟ್ಟಳು. ದಿನಸಿ ಅಂಗಡಿಯ ಬಾಕಿಗೆ ಬದಲು ಪೊಲಾಕ್ ಒಂದು ಚಿತ್ರ ಕೊಟ್ಟದ್ದೂ, ಅಂಗಡಿಯಾತ ಅದನ್ನು ತೆಗೆದುಕೊಂಡದ್ದೂ ಇದೇ ಊರಲ್ಲಿ. ಮನೆಯ ಪಕ್ಕದ ಕಣಜದಂಥ ಕೊಟ್ಟಿಗೆಯೇ ಆತನ ಚಿತ್ರಶಾಲೆಯಾಯಿತು. 1947ರಲ್ಲಿ ಅಲ್ಲಿ ಆತ ಕ್ಯಾನ್ವಾಸನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿದ. ಕುಂಚ ಕ್ಯಾನ್ವಾಸಿಗೆ ತಾಗುವುದೇ ನಿಂತಿತು. ಒಣಗಿ ಗಟ್ಟಿಯಾದ ಕುಂಚ, ಕಡ್ಡಿ, ಅಡುಗೆಮನೆಯ ಪಿಚಕಾರಿ, ಯಾವುದಾದರೂ ಸರಿ, ಅದನ್ನು ಮನೆಗೆ ಬಳಿಯುವ ಎನಾಮೆಲ್ ಪೇಂಟಿನಲ್ಲಿ ಅದ್ದಿ, ಗಾಳಿಯಲ್ಲಿ ಬೀಸಿ, ಬಣ್ಣ ತಾನಾಗಿ ನೆಲಕ್ಕಿಳಿಯುವಂತೆ ಮಾಡಿದ.

ಸಿನಿಮಾದಲ್ಲಿ ಈ ಹೊಳಹು ಆಕಸ್ಮಿಕ. ಕುಂಚದಿಂದ ಒಂದು ಹನಿ ನೆಲಕ್ಕೆ ಬೀಳುತ್ತದೆ, ಪೊಲಾಕ್ ಅದನ್ನೇ ದಿಟ್ಟಿಸುತ್ತಾನೆ, ಸಂಗೀತ ಮೆಲ್ಲನೆ ಏರುತ್ತದೆ. ಚರಿತ್ರೆಯಲ್ಲಿ ಬೇರುಗಳು ಇನ್ನೂ ಆಳಕ್ಕಿವೆ. 1936ರಲ್ಲಿ ಮೆಕ್ಸಿಕೊದ ಭಿತ್ತಿಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೊಸ್ ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಯೋಗಶಾಲೆಯಲ್ಲಿ ಕಾರಿಗೆ ಬಳಿಯುವಂಥ ಬಣ್ಣವನ್ನು ಸುರಿಯುವುದು, ಚಿಮ್ಮಿಸುವುದು ನಡೆದಿತ್ತು. ಪೊಲಾಕ್ ಅಲ್ಲಿ ಕೆಲಸ ಮಾಡಿದ್ದ. ಉಕ್ರೇನಿನಲ್ಲಿ ಹುಟ್ಟಿ ಬ್ರೂಕ್ಲಿನ್‌ನಲ್ಲಿ ನೆಲೆಸಿದ್ದ ಜಾನೆಟ್ ಸೋಬೆಲ್ ಎಂಬ ಗೃಹಿಣಿ, ಅಜ್ಜಿಯಾದ ಮೇಲೆ ಬಣ್ಣ ಹಿಡಿದವಳು, ಕ್ಯಾನ್ವಾಸಿನ ತುಂಬ ಬಣ್ಣ ಸುರಿದು ಮಾಡಿದ ಚಿತ್ರಗಳನ್ನು ಪೆಗ್ಗಿಯ ಗ್ಯಾಲರಿಯಲ್ಲೇ ಪ್ರದರ್ಶಿಸಿದ್ದಳು. ಅವು ಪೊಲಾಕ್‌ನ ಕಣ್ಣಿಗೂ ಬಿದ್ದಿದ್ದವು ಎಂದು ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಮುಂದೆ ಬರೆದ. ಅಮೆರಿಕದ ಮೂಲನಿವಾಸಿ ನವಾಹೊ ಜನ ರೋಗ ನಿವಾರಣೆಗೆಂದು ನೆಲದ ಮೇಲೆ ಬಣ್ಣದ ಮರಳಿನಿಂದ ಚಿತ್ರ ಬರೆಯುತ್ತಾರೆ. 1941ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಅದರ ಪ್ರಾತ್ಯಕ್ಷಿಕೆ ನಡೆದಿತ್ತು. ತನ್ನ ರೀತಿಗೂ ಆ ಮರಳು ಚಿತ್ರಗಳಿಗೂ ಸಂಬಂಧವಿದೆ ಎಂದು ಪೊಲಾಕ್ ತಾನೇ ಬರೆದುಕೊಂಡಿದ್ದಾನೆ. ಪೂಜೆ ಮುಗಿದ ಮೇಲೆ ನವಾಹೊ ಜನ ಆ ಚಿತ್ರವನ್ನು ಅಳಿಸಿಬಿಡುತ್ತಾರೆ. ಕರಾವಳಿಯಲ್ಲಿ ನಾಗಮಂಡಲ ಕಂಡವರಿಗೆ ಇದು ವಿಚಿತ್ರವೆನಿಸದು.

ಪೊಲಾಕ್‌ನ ಕೈಚಳಕ ಅರ್ಥವಾಗಲು ಮುಂಜಾನೆ ಅಂಗಳದಲ್ಲಿ ರಂಗೋಲಿ ಹಾಕುವವರನ್ನು ನೆನೆದರೂ ಸಾಕು. ಬೆರಳು ನೆಲಕ್ಕೆ ತಾಗುವುದಿಲ್ಲ. ಪುಡಿ ಬೆರಳ ಸಂದಿನಿಂದ ಸಣ್ಣಗೆ ಜಾರುತ್ತದೆ. ಎಳೆ ದಪ್ಪವೋ ತೆಳುವೋ ಎಂಬುದು ಕೈಯ ಎತ್ತರ ಮತ್ತು ಓಟಕ್ಕೆ ಬಿಟ್ಟದ್ದು. ಪೊಲಾಕ್‌ನದು ಹಾಗೆಯೇ, ಪುಡಿಯ ಬದಲು ದ್ರವ. ದ್ರವಕ್ಕೆ ಅದರದೇ ಹಟವಿದೆ. ಜೇನುತುಪ್ಪವನ್ನು ಚಮಚದಿಂದ ಇಳಿಬಿಟ್ಟು ಕೈ ನಿಲ್ಲಿಸಿದರೆ ಎಳೆ ಕೆಳಗೆ ಸುರುಳಿ ಸುತ್ತುತ್ತದೆ. ಕೈ ಬೇಗ ಸರಿಸಿದರೆ ಸುರುಳಿ ಬಿಚ್ಚಿ ನೇರ ಗೆರೆಯಾಗುತ್ತದೆ. ಜಿಲೇಬಿ ಹಿಟ್ಟನ್ನು ಎಣ್ಣೆಗೆ ಬಿಡುವವನ ಕೈಗೆ ಈ ಲೆಕ್ಕ ಗೊತ್ತು. 2019ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ರೊಬೆರ್ತೊ ಸೆನಿಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆದು ನೋಡಿತು. ಪೊಲಾಕ್ ತನ್ನ ಕೈಯ ವೇಗ, ಎತ್ತರಗಳನ್ನು ಎಳೆ ಸುರುಳಿಗಟ್ಟದ ಮಿತಿಯಲ್ಲೇ ಇಟ್ಟುಕೊಳ್ಳುತ್ತಿದ್ದ ಎಂಬುದು ಅವರ ತೀರ್ಮಾನ. ಜಗತ್ತು ಈ ಶೈಲಿಯನ್ನು 'ಡ್ರಿಪ್' ಎಂದು ಕರೆದರೂ ಅದರಲ್ಲಿ ಹನಿಗಿಂತ ಕಡಿಯದ ಎಳೆಯೇ ಹೆಚ್ಚು. ಆ ವಿಜ್ಞಾನಿಗಳಿಗೆ ಪೊಲಾಕ್‌ನ ಕೈಯೋಟದ ಅಳತೆ ಸಿಕ್ಕಿದ್ದು ಆತನನ್ನು ಸೆರೆಹಿಡಿದ ಹಳೆಯ ರೀಲುಗಳಿಂದ.

ನಟನಿಗೂ ಅವೇ ಪಾಠಪುಸ್ತಕವಾದವು. 1980ರ ದಶಕದ ನಡುವಿನಲ್ಲಿ ಹ್ಯಾರಿಸ್‌ಗೆ ಆತನ ತಂದೆ ಪೊಲಾಕ್ ಕುರಿತ ಒಂದು ಪುಸ್ತಕ ಕಳಿಸಿದ್ದ. ಅದರಲ್ಲಿನ ಮುಖಕ್ಕೂ ಮಗನ ಮುಖಕ್ಕೂ ಹೋಲಿಕೆ ಕಂಡದ್ದೇ ಕಾರಣ. ಅದೇ ಬೋಳು ಹಣೆ, ಅದೇ ಬಿಗಿದ ದವಡೆ, ನೆಟ್ಟ ನೋಟ. ಅಲ್ಲಿಂದ ಹತ್ತು ವರ್ಷಕ್ಕೂ ಮಿಕ್ಕಿ ಹ್ಯಾರಿಸ್ ಈ ಗುಂಗಿನಲ್ಲೇ ಇದ್ದ. ಸ್ಟೀವನ್ ನೈಫೆ ಮತ್ತು ಗ್ರೆಗರಿ ವೈಟ್ ಸ್ಮಿತ್ ಬರೆದ, ಪುಲಿಟ್ಜರ್ ಪ್ರಶಸ್ತಿ ಪಡೆದ ಬೃಹತ್ ಜೀವನಚರಿತ್ರೆಯನ್ನು ಆಧರಿಸಿ ಬಾರ್ಬರಾ ಟರ್ನರ್ ಮತ್ತು ಸೂಸನ್ ಎಮ್ಶ್‌ವಿಲರ್ ಚಿತ್ರಕಥೆ ಬರೆದರು. ಅಷ್ಟರಲ್ಲಿ ಹ್ಯಾರಿಸ್ ನೆಲಕ್ಕೆ ಕ್ಯಾನ್ವಾಸ್ ಹಾಸಿ ವರ್ಷಗಟ್ಟಲೆ ಬಣ್ಣ ಸುರಿದು ಕಲಿತ. ಸಿನಿಮಾದಲ್ಲಿ ಚಿತ್ರ ಬರೆಯುವ ಕೈ ಆತನದೇ, ಬದಲಿ ಕೈ ಇಲ್ಲ. ಕ್ಯಾಮೆರಾ ಮುಖದಿಂದ ತೋಳಿಗೆ, ತೋಳಿನಿಂದ ಬಣ್ಣಕ್ಕೆ ಕಡಿಯದೆ ಸರಿಯುವುದು ಅದರಿಂದಲೇ. ಮೈಯೆಲ್ಲ ಒಂದು ಲಯಕ್ಕೆ ಬಿದ್ದು, ಒಂದು ಕಾಲು ಕ್ಯಾನ್ವಾಸಿನ ಒಳಗೂ ಒಂದು ಹೊರಗೂ ಇಟ್ಟು, ಸೊಂಟ ಬಗ್ಗಿಸಿ ನಡೆಯುವ ಆ ಓಡಾಟ ನೋಡಿದವರಿಗೆ, 1952ರಲ್ಲಿ ವಿಮರ್ಶಕ ಹೆರಾಲ್ಡ್ ರೋಸೆನ್‌ಬರ್ಗ್ ಇಂಥ ಕಲೆಗೆ 'ಆಕ್ಷನ್ ಪೇಂಟಿಂಗ್' ಎಂಬ ಹೆಸರನ್ನೇಕೆ ಕೊಟ್ಟ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಮನೆಯ ಹೊರಾಂಗಣದ ದೃಶ್ಯಗಳನ್ನು ಸ್ಪ್ರಿಂಗ್ಸ್‌ನ ಅದೇ ಮನೆಯಲ್ಲಿ ಚಿತ್ರೀಕರಿಸಿದರು. ಕೊನೆಯ ವರ್ಷಗಳ ಊದಿದ, ಗಡ್ಡ ಬಿಟ್ಟ ಪೊಲಾಕ್‌ನನ್ನು ತೋರಿಸಲು ಚಿತ್ರೀಕರಣವನ್ನೇ ಕೆಲವು ವಾರ ನಿಲ್ಲಿಸಿ ಹ್ಯಾರಿಸ್ ತೂಕ ಏರಿಸಿಕೊಂಡ.

ಇಷ್ಟಾದರೂ ಈ ಸಿನಿಮಾದಿಂದ ಆಸ್ಕರ್ ಗೆದ್ದವನು ಹ್ಯಾರಿಸ್ ಅಲ್ಲ. ಅತ್ಯುತ್ತಮ ನಟನ ಸಾಲಿನಲ್ಲಿ ಆತನ ಹೆಸರಿತ್ತು, ಪ್ರಶಸ್ತಿ 'ಗ್ಲ್ಯಾಡಿಯೇಟರ್'ನ ರಸೆಲ್ ಕ್ರೋ ಪಾಲಾಯಿತು. ಲೀ ಕ್ರಾಸ್ನರ್ ಪಾತ್ರ ಮಾಡಿದ ಮಾರ್ಷಾ ಗೇ ಹಾರ್ಡನ್ 2001ರಲ್ಲಿ ಅತ್ಯುತ್ತಮ ಪೋಷಕ ನಟಿ ಎನಿಸಿದಳು. 'ಪೋಷಕ' ಎಂಬ ಮಾತು ಇಲ್ಲಿ ಚುಚ್ಚುತ್ತದೆ, ಏಕೆಂದರೆ ಕ್ರಾಸ್ನರ್‌ಳ ಬದುಕಿನ ದುಃಖವೇ ಅದು.

1908ರಲ್ಲಿ ಬ್ರೂಕ್ಲಿನ್‌ನ ವಲಸಿಗ ಯಹೂದಿ ಕುಟುಂಬದಲ್ಲಿ ಹುಟ್ಟಿದ ಕ್ರಾಸ್ನರ್ ಪೊಲಾಕ್‌ಗಿಂತ ಮೂರು ವರ್ಷ ದೊಡ್ಡವಳು. ಇಬ್ಬರ ಪರಿಚಯ ಗಟ್ಟಿಯಾಗುವ ಹೊತ್ತಿಗೆ ನ್ಯೂಯಾರ್ಕಿನ ಕಲಾವಲಯದಲ್ಲಿ ಆತನಿಗಿಂತ ಆಕೆಯೇ ಹೆಚ್ಚು ಬಲ್ಲವಳು. ಜರ್ಮನಿಯಿಂದ ಬಂದ ಹೆಸರಾಂತ ಗುರು ಹಾನ್ಸ್ ಹಾಫ್‌ಮನ್‌ನ ಶಿಷ್ಯೆ. ಹೆಣ್ಣು ಮಾಡಿದ್ದೆಂದು ಹೇಳಲಾಗದಷ್ಟು ಚೆನ್ನಾಗಿದೆ ಎಂದು ಆ ಗುರು ಆಕೆಯ ಕೆಲಸವನ್ನು ಹೊಗಳಿದ್ದುಂಟು. 1942ರ ಆರಂಭದಲ್ಲಿ ಪಿಕಾಸೊ, ಮಾತೀಸರ ಜೊತೆ ಕೆಲವು ಅಮೆರಿಕನ್ನರ ಚಿತ್ರಗಳನ್ನೂ ಸೇರಿಸಿದ ಪ್ರದರ್ಶನವೊಂದು ನಡೆಯುವುದಿತ್ತು. ಪಟ್ಟಿಯಲ್ಲಿ ತನಗೆ ಗೊತ್ತಿಲ್ಲದ ಹೆಸರೊಂದು ಕಂಡು ಕ್ರಾಸ್ನರ್ ಆತನ ಮನೆ ಹುಡುಕಿಕೊಂಡು ಮೆಟ್ಟಿಲು ಹತ್ತಿದಳು. ಸಿನಿಮಾ ಈ ಭೇಟಿಯನ್ನು ಚೆಂದವಾಗಿ ಹಿಡಿದಿದೆ. ಕೋಣೆಯೊಳಗೆ ನಡೆದು, ಒಂದೊಂದೇ ಕ್ಯಾನ್ವಾಸಿನ ಮುಂದೆ ನಿಂತು, ಆಕೆ ಮಾತು ಮರೆಯುತ್ತಾಳೆ.

ಪೊಲಾಕ್‌ನನ್ನು ಹಾಫ್‌ಮನ್‌ಗೆ ಪರಿಚಯಿಸಿದವಳೂ ಆಕೆಯೇ. ಪ್ರಕೃತಿಯನ್ನು ನೋಡಿ ಬರೆ ಎಂದು ಗುರು ಬುದ್ಧಿ ಹೇಳಿದ, ಪ್ರಕೃತಿ ನಾನೇ ಎಂದು ಪೊಲಾಕ್ ಉತ್ತರಿಸಿದ. ಕ್ರಾಸ್ನರ್ ಮುಂದೆ ಹಲವು ಸಲ ನೆನೆದ ಈ ಮಾತನ್ನು ಸಿನಿಮಾವೂ ಬಳಸಿಕೊಂಡಿದೆ. ಗ್ಯಾಲರಿಯವರೊಡನೆ ವ್ಯವಹಾರ, ವಿಮರ್ಶಕರ ಒಡನಾಟ, ಮನೆಯ ಲೆಕ್ಕ, ಗಂಡ ಕುಡಿಯದಂತೆ ಕಾವಲು, ಎಲ್ಲವೂ ಆಕೆಯ ತಲೆಗೆ ಬಂತು. ಗಂಡನಿಗೆ ವಿಶಾಲವಾದ ಕೊಟ್ಟಿಗೆ, ಆಕೆಗೆ ಮಹಡಿಯ ಮಲಗುವ ಕೋಣೆ. ಆ ಇಕ್ಕಟ್ಟಿನಲ್ಲೇ ಆಕೆ 1946ರಿಂದ 'ಲಿಟಲ್ ಇಮೇಜ್' ಎಂಬ ಸಣ್ಣ ಗಾತ್ರದ, ಬರಹದಂತೆ ದಟ್ಟವಾದ ಚಿತ್ರಮಾಲಿಕೆ ಮಾಡಿದಳು. ಸಿನಿಮಾದ ಒಂದು ದೃಶ್ಯದಲ್ಲಿ ಪೊಲಾಕ್ ಮಗು ಬೇಕೆನ್ನುತ್ತಾನೆ. ಹಾರ್ಡನ್‌ಳ ಕ್ರಾಸ್ನರ್ ಬೆಚ್ಚಿ, ಖಡಾಖಂಡಿತವಾಗಿ ಒಲ್ಲೆನೆನ್ನುತ್ತಾಳೆ. ಈ ಮನೆಯಲ್ಲಿ ಸಾಕಲು ಈಗಾಗಲೇ ಒಬ್ಬನಿದ್ದಾನೆ ಎಂಬುದನ್ನು ಆಕೆಯ ಮುಖವೇ ಹೇಳುತ್ತದೆ.

ಖ್ಯಾತಿ ಬಂದದ್ದು 1949ರ ಆಗಸ್ಟ್ 8ರಂದು. ಲಕ್ಷಗಟ್ಟಲೆ ಮನೆಗಳಿಗೆ ಹೋಗುತ್ತಿದ್ದ 'ಲೈಫ್' ಪತ್ರಿಕೆ, ಬದುಕಿರುವ ಅಮೆರಿಕದ ಚಿತ್ರಕಾರರಲ್ಲಿ ಈತನೇ ಅತಿ ಶ್ರೇಷ್ಠನೇ ಎಂದು ತಲೆಬರಹದಲ್ಲೇ ಪ್ರಶ್ನೆ ಹಾಕಿತು. ತುಟಿಯಲ್ಲಿ ಸಿಗರೇಟು, ಕಟ್ಟಿದ ಕೈ, ಬಣ್ಣ ಸಿಡಿದ ಬಟ್ಟೆ. ಆ ಫೋಟೊ ಪೊಲಾಕ್‌ನನ್ನು ಸಿನಿಮಾ ನಟನಷ್ಟು ಪರಿಚಿತನನ್ನಾಗಿಸಿತು. ಹೊಗಳಿಕೆಯೋ ಲೇವಡಿಯೋ ತಿಳಿಯದ ಆ ಪ್ರಶ್ನೆಯೇ ಹ್ಯಾರಿಸ್‌ನ ಸಿನಿಮಾದ ಮೊದಲ ದೃಶ್ಯದಲ್ಲಿ ಯುವತಿಯ ತೋಳಲ್ಲಿರುವುದು.

ಮರುವರ್ಷ ಬೇಸಿಗೆಯಲ್ಲಿ ನಮುತ್ ಬಂದ. ಮೊದಲು ಕಪ್ಪುಬಿಳುಪು ಫೋಟೊಗಳು, ಆಮೇಲೆ ಬಣ್ಣದ ರೀಲು. ಪೊಲಾಕ್‌ನ ಕೈ ತುಂಬಿ ಹರಿಯುತ್ತಿದ್ದ ವರ್ಷ ಅದು. ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ 'ಆಟಮ್ ರಿದಮ್', ಆಧುನಿಕ ಕಲಾ ವಸ್ತುಸಂಗ್ರಹಾಲಯದ 'ಒನ್', ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ಯಾಲರಿಯ 'ಲ್ಯಾವೆಂಡರ್ ಮಿಸ್ಟ್' ಮೂರೂ 1950ರವು. ಗಾಜಿನ ಮೇಲೆ ಬರೆಯುವಾಗ ಕೆಳಗಿನಿಂದ ಕಲಾವಿದನ ಮುಖವೂ ಬಣ್ಣದ ಎಳೆಯೂ ಒಟ್ಟಿಗೆ ಸಿಗುತ್ತವೆ ಎಂಬುದು ನಮುತ್‌ನ ಲೆಕ್ಕ. ಪೊಲಾಕ್ ಗಾಜಿನ ಮೇಲಿನ ಮೊದಲ ಪ್ರಯತ್ನವನ್ನು ಅಳಿಸಿಹಾಕಿ ಹೊಸದಾಗಿ ತೊಡಗುವುದು ಆ ರೀಲಿನಲ್ಲೇ ಇದೆ. ಚಿತ್ರದೊಡನೆ ತನಗಿದ್ದ ಸಂಪರ್ಕ ತಪ್ಪಿಹೋಯಿತು ಎಂದು ಆತನ ದನಿ ಹಿನ್ನೆಲೆಯಲ್ಲಿ ಹೇಳುತ್ತದೆ.

ಈ ಕಿರುಚಿತ್ರ ಹತ್ತು ನಿಮಿಷದ್ದು. ಸಂಗೀತ ಮಾರ್ಟನ್ ಫೆಲ್ಡ್‌ಮನ್‌ನದು. ಅದು 1951ರಲ್ಲಿ ತೆರೆಕಂಡಿತು. ಆ ಗಾಜು ಈಗ ಕೆನಡಾದ ಒಟ್ಟಾವಾದಲ್ಲಿರುವ ರಾಷ್ಟ್ರೀಯ ಗ್ಯಾಲರಿಯಲ್ಲಿದೆ.

ಪೊಲಾಕ್‌ನನ್ನು ಕೆಡಿಸಿದ್ದು ನಮುತ್‌ನ ಕ್ಯಾಮೆರಾವೇ? ಹ್ಯಾರಿಸ್ ಹೆಚ್ಚುಕಡಿಮೆ ಹೌದೆನ್ನುತ್ತಾನೆ. ನಮುತ್ ನಿಲ್ಲು ಎಂದಾಗ ನಿಲ್ಲುವ, ನಡೆ ಎಂದಾಗ ನಡೆಯುವ ಪೊಲಾಕ್‌ನ ಮುಖದಲ್ಲಿ, ತಾನು ಮಾಡುತ್ತಿರುವುದು ಚಿತ್ರವೋ ಚಿತ್ರದ ನಟನೆಯೋ ಎಂಬ ಸಂಶಯ ದೃಶ್ಯದಿಂದ ದೃಶ್ಯಕ್ಕೆ ದಟ್ಟವಾಗುತ್ತದೆ. ಕತೆಯಾಗಿ ಇದು ಬಿಗಿಯಾಗಿದೆ. ಆದರೆ ಆ ವರ್ಷ ಬೇರೆ ಪೆಟ್ಟುಗಳೂ ಬಿದ್ದಿದ್ದವು. 1948ರಲ್ಲಿ ಆತನ ಕುಡಿತ ಬಿಡಿಸಿದ್ದವನು ಊರಿನ ವೈದ್ಯ ಎಡ್ವಿನ್ ಹೆಲ್ಲರ್. ಪೊಲಾಕ್‌ಗೆ ಆತನ ಮೇಲೆ ಅಪಾರ ನಂಬಿಕೆ. 1950ರಲ್ಲಿ ಆ ವೈದ್ಯ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಸಿನಿಮಾಕ್ಕೆ ಒಂದು ಕಾರಣ ಸಾಕಾಯಿತು.

ಆಮೇಲಿನದು ಇಳಿಜಾರು. 1951ರಲ್ಲಿ ಕಪ್ಪು ಬಣ್ಣವೊಂದನ್ನೇ ಸುರಿದ ಚಿತ್ರಗಳು ಬಂದವು, ಅವುಗಳಲ್ಲಿ ಮುಖಗಳು ಮತ್ತೆ ಇಣುಕಿದವು. ಕೊಳ್ಳುವವರಿಗೆ ಅವು ಹಿಡಿಸಲಿಲ್ಲ. 1952ರಲ್ಲಿ 'ಬ್ಲೂ ಪೋಲ್ಸ್' ಬಂತು. ಮುಂದೆ 1973ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅದನ್ನು 13 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಂಡಾಗ, ಜನರ ತೆರಿಗೆ ಹಣ ಬಣ್ಣದ ರಾಡಿಗೆ ಹೋಯಿತೆಂದು ಪ್ರಧಾನಿ ಗಾಫ್ ವಿಟ್ಲಮ್ ಮೇಲೆ ಪತ್ರಿಕೆಗಳು ಮುಗಿಬಿದ್ದವು. 1952ರ ಬಳಿಕ ಪೊಲಾಕ್‌ನ ಕ್ಯಾನ್ವಾಸುಗಳು ವರ್ಷಕ್ಕೆ ಬೆರಳೆಣಿಕೆಗೆ ಇಳಿದವು. 1956ರಲ್ಲಿ ಒಂದೂ ಇಲ್ಲ.

ಆ ವರ್ಷ ಬೇಸಿಗೆಯಲ್ಲಿ ಕ್ರಾಸ್ನರ್ ಒಬ್ಬಳೇ ಯುರೋಪಿಗೆ ಹೋದಳು. ಪೊಲಾಕ್‌ನ ಜೊತೆಗಿದ್ದವಳು ರೂತ್ ಕ್ಲಿಗ್ಮನ್ ಎಂಬ ಯುವ ಚಿತ್ರಕಾರ್ತಿ, ಸಿನಿಮಾದಲ್ಲಿ ಜೆನಿಫರ್ ಕಾನೆಲಿ. ಆಗಸ್ಟ್ 11ರ ರಾತ್ರಿ, ಕುಡಿದ ಪೊಲಾಕ್ ಓಡಿಸುತ್ತಿದ್ದ ಓಲ್ಡ್ಸ್‌ಮೊಬೀಲ್ ಕಾರು ಮನೆಯ ಸಮೀಪದ ರಸ್ತೆ ತಿರುವಿನಲ್ಲಿ ಮರಗಳಿಗೆ ನುಗ್ಗಿತು. ಸತ್ತಾಗ ಆತನಿಗೆ 44 ವರ್ಷ. ಕ್ಲಿಗ್ಮನ್ ಬದುಕಿದಳು. ಆಕೆಯ ಗೆಳತಿ, 25ರ ಈಡಿತ್ ಮೆಟ್ಜ್‌ಗರ್ ಸತ್ತಳು. ಕಲಾವಿದನ ದುರಂತ ಎಂದು ಹೇಳುವಾಗ ಈ ಹೆಸರು ಬಿಟ್ಟುಹೋಗುವುದೇ ವಾಡಿಕೆ. ಹ್ಯಾರಿಸ್ ಬಿಟ್ಟಿಲ್ಲ. ಹಿಂದಿನ ಸೀಟಿನಲ್ಲಿ ಭಯದಿಂದ ಅರಚುವ ಈಡಿತ್‌ಳ ದನಿ ಆ ಕೊನೆಯ ಪಯಣದ ಉದ್ದಕ್ಕೂ ಪ್ರೇಕ್ಷಕನ ಕಿವಿಯಲ್ಲಿರುತ್ತದೆ, ಪ್ರತಿಭೆಯ ಹೆಸರಲ್ಲಿ ಪೊಲಾಕ್‌ನನ್ನು ಕ್ಷಮಿಸಿಬಿಡಲು ಅದು ಬಿಡುವುದಿಲ್ಲ.

ಸಿನಿಮಾ ಅಲ್ಲಿಗೆ ಮುಗಿಯುತ್ತದೆ, ಟಾಮ್ ವೇಟ್ಸ್‌ನ ಗೊಗ್ಗರು ದನಿಯ ಹಾಡಿನೊಡನೆ. ಸ್ಪ್ರಿಂಗ್ಸ್‌ನ ಮನೆಯ ಕತೆ ಮಾತ್ರ ಇನ್ನೂ 28 ವರ್ಷ ನಡೆಯಿತು. ಗಂಡ ಸತ್ತ ಮರುವರ್ಷ ಕ್ರಾಸ್ನರ್ ಮಹಡಿಯ ಕೋಣೆ ಬಿಟ್ಟು ಕೊಟ್ಟಿಗೆಗೆ ಇಳಿದಳು. ಮೊದಲ ಬಾರಿಗೆ ಕೈಚಾಚುವಷ್ಟು ಗೋಡೆ ಸಿಕ್ಕಿತು. 1957ರ 'ದ ಸೀಸನ್ಸ್' ಸುಮಾರು 17 ಅಡಿ ಅಗಲವಿದೆ. ನಿದ್ದೆ ಬಾರದ ರಾತ್ರಿಗಳಲ್ಲಿ ದೀಪದ ಬೆಳಕಿಗೆ ಬಣ್ಣಗಳ ನಿಜ ಕಾಣದೆಂದು ಬರೀ ಕಂದು, ಬಿಳಿಯಲ್ಲೇ ದೊಡ್ಡ ದೊಡ್ಡ ಕ್ಯಾನ್ವಾಸ್ ತುಂಬಿದಳು. 1984ರಲ್ಲಿ ಆಕೆ ತೀರಿಕೊಂಡ ಕೆಲವೇ ತಿಂಗಳಿಗೆ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಆಕೆಯ ಜೀವಮಾನದ ಕೆಲಸವನ್ನು ಪ್ರದರ್ಶಿಸಿತು. ಆಕೆ ಬಿಟ್ಟುಹೋದ ಆಸ್ತಿಯಿಂದ 1985ರಲ್ಲಿ ಶುರುವಾದ ಪೊಲಾಕ್-ಕ್ರಾಸ್ನರ್ ಪ್ರತಿಷ್ಠಾನ ಈಗಲೂ ಹಲವು ದೇಶಗಳ ಕಲಾವಿದರಿಗೆ ಧನಸಹಾಯ ಕೊಡುತ್ತದೆ.

1988ರಲ್ಲಿ ಆ ಮನೆ ಸಾರ್ವಜನಿಕರಿಗೆ ತೆರೆಯಿತು. ಅದಕ್ಕೆ ಮೊದಲು ಕೊಟ್ಟಿಗೆಯ ನೆಲಕ್ಕೆ 1950ರ ದಶಕದಲ್ಲಿ ಹೊದಿಸಿದ್ದ ಹಲಗೆಗಳನ್ನು ಕಿತ್ತಾಗ ಕೆಳಗೆ ಬಣ್ಣದ ಇನ್ನೊಂದು ಲೋಕವೇ ಕಂಡಿತ್ತು. ಕ್ಯಾನ್ವಾಸಿನ ಅಂಚು ಮೀರಿ ಹೊರಕ್ಕೆ ಹಾರಿದ ಎಳೆಗಳು, ಕಲೆಗಳು. ಇದು 'ಆಟಮ್ ರಿದಮ್'ನದು, ಅದು 'ಬ್ಲೂ ಪೋಲ್ಸ್'ನದು ಎಂದು ಗುರುತು ಹಿಡಿದು ತೋರಿಸುತ್ತಾರೆ. ಬಂದವರು ಬೂಟು ಕಳಚಿ, ಅಲ್ಲೇ ಕೊಡುವ ಮೆತ್ತನೆಯ ಚಪ್ಪಲಿ ಮೆಟ್ಟಿ ಒಳಗೆ ಹೋಗಬೇಕು. ಹೆಚ್ಚಿನವರು ತಲೆ ತಗ್ಗಿಸಿ ನೆಲ ನೋಡುತ್ತ ನಡೆಯುತ್ತಾರೆ. ತಲೆ ಎತ್ತಿದರೆ ಗೋಡೆಯ ಮೇಲೆ, ತೋಳು ನಿಲುಕುವ ಎತ್ತರಕ್ಕೆ, ಬೇರೆಯದೇ ಕುಂಚದ ಬೀಸುಗಳು ಕ್ಯಾನ್ವಾಸಿನ ಅಂಚು ದಾಟಿ ಉಳಿದುಕೊಂಡಿವೆ. ಅವು ಲೀ ಕ್ರಾಸ್ನರ್‌ಳವು.